‘ಪಾಪುವನ್’ ಸಂಜ್ಞೆ ಮತ್ತು ವರ್ಗೀಕರಣದ ನೆಲೆ

‘ಪಾಪುವನ್’ ಎಂಬುದು ಭಾಷಾಕುಟುಂಬವೊಂದರ ಹೆಸರಲ್ಲ. ನ್ಯೂಗಿನಿ ಹಾಗೂ ಸುತ್ತಲಿನ ದ್ವೀಪಗಳ ಆಸ್ಟ್ರೋನೇಷಿಯನ್ ಅಲ್ಲದ ಭಾಷೆಗಳಿಗೆ ಕೊಟ್ಟ ಒಟ್ಟು ಸಂಜ್ಞೆ. ಇಂಡೋನೇಷ್ಯಾದ ಅಲೋರ್, ಪಂತಾರ್ ದ್ವೀಪಗಳ ಪಾಪುವನ್ ಭಾಷೆಗಳನ್ನು ಮಾಲ್ಕಮ್ ರಾಸ್ 2005ರಲ್ಲಿ ಮುಖ್ಯವಾಗಿ ಸರ್ವನಾಮಗಳ ಸಾಮ್ಯವನ್ನು ಆಧರಿಸಿ ವಿಶಾಲವಾದ ಟ್ರಾನ್ಸ್-ನ್ಯೂಗಿನಿ ಕುಟುಂಬಕ್ಕೆ ಸೇರಿಸಿದರು. 2012ರಲ್ಲಿ ಗ್ಯಾರಿ ಹೋಲ್ಟನ್ ಮತ್ತು ಸಂಗಡಿಗರು ನಿಯತ ಧ್ವನಿಸಂವಾದಗಳ ಮೂಲಕ ಈ ಭಾಷೆಗಳ ಪರಸ್ಪರ ಜ್ಞಾತಿತ್ವವನ್ನು ಖಚಿತಪಡಿಸಿದರು. 2022ರಲ್ಲಿ ಅಶರ್ ಮತ್ತು ಶಾಪರ್ ಅದೇ ವಿಧಾನದಿಂದ ನ್ಯೂಗಿನಿಯ ಪಶ್ಚಿಮ ಬೊಂಬೆರಾಯ್ ಭಾಷೆಗಳೊಡನೆ ಇವುಗಳ ಸಂಬಂಧವನ್ನು ಪ್ರತಿಪಾದಿಸಿದರು.

ಸರ್ವನಾಮಗಳ ಸಾಮ್ಯ ಊಹೆಗೆ ದಾರಿ ತೋರಬಲ್ಲುದು. ಸಂಬಂಧವನ್ನು ಸಾಧಿಸುವುದು ಧ್ವನಿನಿಯಮ. ತಮಿಳಿನ ‘ಪಾಲ್’, ಕನ್ನಡದ ‘ಹಾಲು’ ಪದಗಳ ಪ-ಹ ಸಂಬಂಧವನ್ನು ಬೋಧಿಸುವ ನಮಗೆ ಈ ವ್ಯತ್ಯಾಸ ಹೊಸತಲ್ಲ. ಆದುದರಿಂದ ಪಾಪುವನ್ ಭಾಷೆಗಳನ್ನು ಒಂದೇ ಕುಟುಂಬವೆಂದು ತರಗತಿಯಲ್ಲಿ ಹೇಳುವುದು ಸಲ್ಲದು. ಸಾಧಿತವಾದ ಚಿಕ್ಕ ಕುಟುಂಬಗಳಿಂದಲೇ ಚರ್ಚೆ ಆರಂಭವಾಗಬೇಕು.