ವಾಡೆಯ ಕಾಗದ, ಮನೆಯ ಕೂರಿಗೆ

ಸವದತ್ತಿ ಸೀಮೆಯಲ್ಲಿ ಸಿರಸಂಗಿ ಎಂದರೆ ಮೊದಲು ನೆನಪಾಗುವುದು ಕಾಳಮ್ಮನ ಗುಡಿ, ಆಮೇಲೆ ಲಿಂಗರಾಜ ದೇಸಾಯಿಯವರ ವಾಡೆ. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ, ದತ್ತಕ ಬಂದು ಸಿರಸಂಗಿಯ ದೇಸಾಯಿಯಾದ ಲಿಂಗರಾಜರು 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು 1933ರಿಂದ ಅವರ ಹೆಸರು ಹೊತ್ತು ನಿಂತಿದೆ. ದಾನದ ಫಲ ಊರಾಚೆಗೆ ಹೋಗಿ ಬೆಳೆಯಿತು. ಊರಿಗೆ ಉಳಿದದ್ದು ವಾಡೆ, ಮತ್ತು ಹಿರಿಯರ ಬಾಯಲ್ಲಿರುವ ಮಾತು.

ಆ ಮಾತನ್ನು ಕಾಯಲಿಕ್ಕೆ ಸಿರಸಂಗಿಗೆ ತನ್ನದೇ ಒಂದು ಸಂಗ್ರಹಾಲಯ ಬೇಕೆಂಬುದು ನನ್ನ ಹಂಬಲ. ನಿವೃತ್ತ ಮಾಸ್ತರರು, ಹೈಸ್ಕೂಲ್ ಹುಡುಗ ಹುಡುಗಿಯರು, ಬಡಿಗರು, ಕಂಬಾರರು ಕೂಡಿ ನಡೆಸುವಂಥದ್ದು. ಕಿತ್ತೂರಿನ ಕೋಟೆಯೊಳಗೆ ಸರಕಾರದ ವಸ್ತುಸಂಗ್ರಹಾಲಯವಿದೆ. ಶಿಲ್ಪಕ್ಕೆ, ಶಾಸನಕ್ಕೆ ಅಂಥ ಕಡೆ ಜಾಗ ಸಿಗುತ್ತದೆ. ಒಬ್ಬ ರೈತನ ಮನೆಯ ಕೂರಿಗೆಗೆ ಅಲ್ಲಿ ಯಾರು ಜಾಗ ಕೊಟ್ಟಾರು? ಬಂಟ್ವಾಳದಲ್ಲಿ ಇತಿಹಾಸದ ಪ್ರಾಧ್ಯಾಪಕ ತುಕಾರಾಂ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಹೋದರೆ, ಮನೆಮನೆಯ ಅಡುಗೆ ಮತ್ತು ಬೇಸಾಯದ ಸಾಮಾನು ಎಷ್ಟು ದೊಡ್ಡ ಚರಿತ್ರೆಯಾಗಬಲ್ಲದೆಂದು ಗೊತ್ತಾಗುತ್ತದೆ.

ಸಿರಸಂಗಿಗಂತೂ ಈ ಕೆಲಸ ಸಹಜವಾದದ್ದು. ಕಾಳಮ್ಮ ವಿಶ್ವಕರ್ಮರ ದೇವರು. ಬಾಚಿ, ಉಳಿ, ಇಕ್ಕಳ, ತಿದಿ ಇವೇ ಆ ಸಂಗ್ರಹದ ಮೊದಲ ಸಾಮಾನುಗಳಾಗಲಿ. ಆದರೆ ಸಾಮಾನು ತಂದು ಗೋಡೆಗೆ ಆನಿಸಿಟ್ಟರೆ ಸಾಲದು. ಕೂರಿಗೆಯನ್ನೇ ನೋಡಿ: ಜೋಳಕ್ಕೆ ಸಾಲಿನ ಅಂತರ ಒಂದು, ಹತ್ತಿಗೆ ಇನ್ನೊಂದು. ಯಾವ ಬೆಳೆಗೆ ಮಾಡಿದ್ದು, ಯಾವ ಮರದ್ದು, ಯಾವ ಬಡಿಗ ಕೆತ್ತಿದ್ದು, ಅದರ ಹಿಂದೆ ನಡೆಯುತ್ತ ಬೀಜ ಬಿಟ್ಟ ಹೆಣ್ಣುಮಗಳು ಯಾರು? ಕೊಟ್ಟ ಮನೆಯವರಿಂದ ಇಷ್ಟನ್ನು ಕೇಳಿ ಅಂದೇ ರಿಜಿಸ್ಟರಿನಲ್ಲಿ ಬರೆಯದಿದ್ದರೆ, ಮುಂದಿನ ತಲೆಮಾರಿಗೆ ಅದು ಬರೀ ಕಟ್ಟಿಗೆ. ಇದನ್ನು ಕೇಳುವ ಸಲುಗೆ ಊರಿನವರಿಗಿರುವಷ್ಟು ಯಾವ ಅಧಿಕಾರಿಗೂ ಇರುವುದಿಲ್ಲ. ಅತ್ತಿ, ಕಾಕಾ ಎಂದು ಕರೆದು ಕಟ್ಟೆಯ ಮೇಲೆ ಕೂತರೆ ಮಾತು ತಾನಾಗಿ ಬರುತ್ತದೆ.

ಕಾಗದದ್ದು ಇನ್ನೂ ಅವಸರದ ಕೆಲಸ. ಹಳೆಯ ದಸ್ತಾವೇಜುಗಳಿಗೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾಡಿಸುವುದು ಅಳಿಸಲಾಗದ ಹಾನಿ. ಒಣಗಿದ ಜಾಗದಲ್ಲಿ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ಗೆದ್ದಲು ಹತ್ತದಂತೆ ಆಗಾಗ ಬಿಚ್ಚಿ ನೋಡಬೇಕು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 75 ವರ್ಷ ಮೀರಿದ, ಚಾರಿತ್ರಿಕ ಬೆಲೆಯುಳ್ಳ ಹಸ್ತಪ್ರತಿಯೂ ಪುರಾವಸ್ತುವೇ ಎಂಬುದನ್ನು ಸಂಗ್ರಹಿಸುವವರು ತಿಳಿದಿರಬೇಕು. ಮುಂಬೈ ಪ್ರಾಂತದ ಕಾಲದ ಎಷ್ಟೋ ಕಾಗದಗಳು ಮೋಡಿ ಲಿಪಿಯಲ್ಲಿವೆ, ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಧಾರವಾಡ ದೂರವಿಲ್ಲ, 1939ರಿಂದ ಅಲ್ಲಿ ಕನ್ನಡ ಸಂಶೋಧನ ಸಂಸ್ಥೆಯಿದೆ. ಈ ಬೇಸಿಗೆ ರಜೆಯಲ್ಲೇ ಮೋಡಿ ಬಲ್ಲ ಹಿರಿಯರೊಬ್ಬರನ್ನು ಹುಡುಕಿ ಕರೆಸಿ, ಊರಿನ ನಾಲ್ಕು ಮಕ್ಕಳನ್ನು ಅವರ ಮುಂದೆ ಕೂಡಿಸಿದರೆ ಕೆಲಸ ಶುರುವಾಗುತ್ತದೆ. ಕಟ್ಟಡ ಆಮೇಲೆ ನೋಡೋಣ.