ಭಾನುವಾರದ ರಜೆಗೆ ಆಧಾರ ಏನು?

ಭಾನುವಾರವೂ ನೌಕರರಿಂದ ಕೆಲಸ ಮಾಡಿಸಲು ಆಗುತ್ತಿಲ್ಲವಲ್ಲ ಎಂದು ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಬೇಸರಿಸಿಕೊಂಡ ವಿಡಿಯೊ 2025ರ ಜನವರಿಯಲ್ಲಿ ಎಲ್ಲೆಡೆ ಹರಿದಾಡಿತು. ವಾರಕ್ಕೆ 90 ಗಂಟೆ ದುಡಿಯಬೇಕೆಂಬ ಅವರ ಮಾತಿನ ಮೇಲೆ ಮೀಮ್‌ಗಳು ಬಂದವು, ಆಮೇಲೆ ಎಲ್ಲರೂ ಮರೆತರು. ಆದರೆ ಕ್ಯಾಂಪಸ್ ಸಂದರ್ಶನಕ್ಕೆ ಸಿದ್ಧರಾಗುತ್ತಿರುವ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಉಳಿದಿದೆ: ಭಾನುವಾರದ ರಜೆಗೆ ಆಧಾರ ಏನು? ಪಶ್ಚಿಮದ ನೀತಿಮೌಲ್ಯಗಳು ಕ್ರೈಸ್ತ ಧರ್ಮದಿಂದ ಲೌಕಿಕ ಕಾನೂನಿನ ನೆಲೆಗೆ ಸರಿದ ಬಗೆ ಈ ಒಂದು ರಜೆಯಲ್ಲೇ ಕಾಣುತ್ತದೆ.

ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಸಾರಿದ. ಮುಂದೆ ಕ್ರೈಸ್ತ ಯುರೋಪಿನಲ್ಲಿ ಅದು ದೇವರಿಗೆ ಮೀಸಲಾದ ದಿನವಾಯಿತು. ಅಂದು ದುಡಿಯುವುದು ಪಾಪ ಎನಿಸಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನಮ್ಮ ಮಲ್ಪೆಯಲ್ಲೂ ಅದರ ಕಾರ್ಖಾನೆ ಇತ್ತು. ಆ ಮಿಷನರಿಗಳಿಗೆ ಆರು ದಿನದ ದುಡಿಮೆಯೂ ಏಳನೆಯ ದಿನದ ಪ್ರಾರ್ಥನೆಯೂ ದೇವರ ಸೇವೆಯೇ.

ಈ ಆಧಾರ ಬದಲಾದದ್ದನ್ನು ಫ್ರಾನ್ಸ್‌ನಲ್ಲಿ ಸ್ಪಷ್ಟವಾಗಿ ನೋಡಬಹುದು. 1814ರ ಕಾನೂನು ಧರ್ಮದ ಹೆಸರಿನಲ್ಲೇ ಅಲ್ಲಿ ಭಾನುವಾರದ ದುಡಿಮೆಯನ್ನು ನಿಷೇಧಿಸಿತ್ತು. 1880ರಲ್ಲಿ ಅದನ್ನು ರದ್ದು ಮಾಡಲಾಯಿತು. ಅದರೊಂದಿಗೆ ಕಾರ್ಮಿಕರ ರಜೆಗಿದ್ದ ಕಾನೂನಿನ ಕಾವಲೂ ಹೋಯಿತು. 1905ರಲ್ಲಿ ಚರ್ಚ್ ಮತ್ತು ಸರ್ಕಾರ ಬೇರೆಯಾದವು. ಆದರೆ ಮರುವರ್ಷವೇ ಭಾನುವಾರದ ರಜೆ ಮತ್ತೆ ಕಾನೂನಾಯಿತು, ಈ ಬಾರಿ ಕಾರ್ಮಿಕರ ಹಕ್ಕಾಗಿ.

ನಮ್ಮ ದೇಶದಲ್ಲೂ ಅದು ಸುಮ್ಮನೆ ಸಿಕ್ಕಿದ್ದಲ್ಲ. ಜ್ಯೋತಿಬಾ ಫುಲೆಯವರ ಸಹವರ್ತಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿ, 1890ರಲ್ಲಿ ಮುಂಬೈ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಕೊಡಿಸಿದರು. 1948ರ ಕಾರ್ಖಾನೆ ಕಾಯ್ದೆಯ 52ನೇ ಸೆಕ್ಷನ್ ವಾರದ ರಜೆಯನ್ನು ಕಡ್ಡಾಯ ಮಾಡಿತು. ಅದರಲ್ಲಿ ದೇವರ ಪ್ರಸ್ತಾಪವಿರಲಿಲ್ಲ. ಭಾನುವಾರ ದುಡಿಸಿದರೆ ಬದಲಿಗೆ ಹತ್ತಿರದ ಇನ್ನೊಂದು ದಿನ ರಜೆ ಕೊಡಬೇಕಿತ್ತು, ಅಷ್ಟೆ.

ಧರ್ಮದ ಬುನಾದಿ ಹೋದರೆ ನೀತಿಯೂ ಹೋಗುತ್ತದೆ ಎನ್ನುವವರಿದ್ದಾರೆ. ಭಾನುವಾರದ ಇತಿಹಾಸ ಅದನ್ನು ಒಪ್ಪುವುದಿಲ್ಲ. ನೀತಿ ಉಳಿಯಿತು, ಅದನ್ನು ಕಾಯುವ ಹೊಣೆ ಮಾತ್ರ ಕೈ ಬದಲಾಯಿಸಿತು. ದೇವರ ಆಜ್ಞೆ ಎಂದು ನಂಬಿದ್ದನ್ನು ಭಕ್ತರು ಲಾಭನಷ್ಟದ ಲೆಕ್ಕದಲ್ಲಿ ತೂಗುವುದಿಲ್ಲ. ಮನುಷ್ಯರು ಮಾಡಿದ ಕಾಯ್ದೆಯನ್ನು ಪ್ರಗತಿಯ ಹೆಸರಿನಲ್ಲಿ ಯಾವಾಗ ಬೇಕಾದರೂ ತಿದ್ದಬಹುದು. 2023ರಲ್ಲಿ ನಮ್ಮ ವಿಧಾನಮಂಡಲವೇ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ವಾರಕ್ಕೆ 48 ಗಂಟೆಯ ಮಿತಿ ಸದ್ಯಕ್ಕೆ ಉಳಿಯಿತು.

ಆಫರ್ ಲೆಟರ್ ಬಂದಾಗ ನಾವು ಮೊದಲು ನೋಡುವುದು ಪ್ಯಾಕೇಜ್. ಕೆಲಸದ ಅವಧಿ, ವಾರದ ರಜೆ, ಓವರ್‌ಟೈಮ್ ಬಗೆಗಿನ ಸಾಲುಗಳನ್ನೂ ಓದೋಣ, ತಿಳಿಯದಿದ್ದರೆ ಕೇಳೋಣ. ಕೇಳುವುದು ಸೋಮಾರಿತನವಲ್ಲ, 1890ರಲ್ಲಿ ಗಿರಣಿ ಕಾರ್ಮಿಕರು ಕೇಳಿದ್ದೂ ಅದನ್ನೇ.

– ಬಿ.ಇ. ವಿದ್ಯಾರ್ಥಿ, ಉಚ್ಚಿಲ