ಕಲಾ ವಿಭಾಗಗಳ ಪಿಎಚ್.ಡಿ. ಮಾರ್ಗದರ್ಶನವನ್ನು ಸರಿಪಡಿಸಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ಬೆಂಗಳೂರು

ಇವರಿಂದ:
ಸಂಗೀತ, ನೃತ್ಯ, ರಂಗಭೂಮಿ ಮತ್ತು ದೃಶ್ಯಕಲಾ ವಿಭಾಗಗಳ ಸಂಶೋಧನಾರ್ಥಿಗಳು ಹಾಗೂ ಅಧ್ಯಾಪಕರು

ಮಾನ್ಯರೇ,

ಹಾಡುವುದು, ಕುಣಿಯುವುದು, ಚಿತ್ರ ಬರೆಯುವುದೇ ಸಂಶೋಧನೆಯ ದಾರಿಯಾದಾಗ ಗೈಡ್ ಆದವರು ಆ ಕೆಲಸವನ್ನೇ ನೋಡಬೇಕು, ಕೇಳಬೇಕು. ಈಗ ಮಾರ್ಗದರ್ಶನವೆಂದರೆ ಬಹುಪಾಲು ಅಧ್ಯಾಯ ತಿದ್ದುವುದೇ ಆಗಿದೆ. ಕರ್ನಾಟಕ ಸಂಗೀತದ ತೋಡಿಯನ್ನೇ ನೋಡಿ. ಅದರ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ, ಅದರ ಜೀವವೆಲ್ಲ ಕಂಪಿತದಲ್ಲಿದೆ. ಸ್ವರಲಿಪಿಯಲ್ಲಿ ಮಾತ್ರ ಅದು ಬರೀ ‘ಗ’. ಎರಡು ಪಾಠಾಂತರಗಳಲ್ಲಿ ಆ ಗಾಂಧಾರ ತೂಗುವ ಬಗೆಯನ್ನು ಹಾಡಿಯೇ ಶೋಧಿಸುವ ವಿದ್ಯಾರ್ಥಿನಿಯ ಅಧ್ಯಾಯದಲ್ಲಿ ಅಡಿಟಿಪ್ಪಣಿ, ಕಾಗುಣಿತ ಯಾರು ಬೇಕಾದರೂ ತಿದ್ದಿಯಾರು. ಆಕೆಯ ವಾದ ನಿಲ್ಲುತ್ತದೆಯೇ ಎಂಬುದು ತಂಬೂರಿಯ ಪಕ್ಕ ಕೂತು ಕೇಳಿದವರಿಗೇ ಗೊತ್ತಾಗುವುದು. ಕೇಳದ ಗೈಡ್ ಹೇಳುವ ತಿದ್ದುಪಡಿಗಳಿಂದ ಬರವಣಿಗೆ ನಯವಾಗುತ್ತದೆ, ಸಂಶೋಧನೆ ಇದ್ದಲ್ಲೇ ಇರುತ್ತದೆ.

ಹೀಗೆ ಕೇಳಬಲ್ಲ ಕಲಾವಿದರನ್ನು ಮಾರ್ಗದರ್ಶನಕ್ಕೆ ಸೇರಿಸಿಕೊಳ್ಳಲು ನಿಯಮ ಅಡ್ಡಿ ಎನ್ನುವವರಿದ್ದಾರೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯನ್ನು ಓದಿದರೆ ಹಾಗೆ ಅನ್ನಿಸುವುದಿಲ್ಲ. ಮಾರ್ಗದರ್ಶಕರಾಗಲು ಪ್ರಾಧ್ಯಾಪಕರಿಗೆ ಕನಿಷ್ಠ 5, ಸಹಾಯಕ ಪ್ರಾಧ್ಯಾಪಕರಿಗೆ 3 ಸಂಶೋಧನಾ ಲೇಖನಗಳನ್ನು ಅದು ಕೇಳುತ್ತದೆ, ನಿಜ. ಆದರೆ ಪರಿಶೀಲಿತ ಪತ್ರಿಕೆಗಳು ಇಲ್ಲದ ಅಥವಾ ವಿರಳವಾದ ಶಿಸ್ತುಗಳಲ್ಲಿ ಕಾರಣ ಬರೆದಿಟ್ಟು ಈ ಷರತ್ತನ್ನು ಸಡಿಲಿಸಬಹುದೆಂದೂ ಅದೇ ನಿಯಮ ಹೇಳುತ್ತದೆ. ಬೇರೆ ಸಂಸ್ಥೆಯವರನ್ನು ಸಹ ಮಾರ್ಗದರ್ಶಕರಾಗಿ ಪಡೆಯುವುದಕ್ಕೂ ಅವಕಾಶವಿದೆ. ತೊಡಕು ಇರುವುದು ಯಾವ ಸಂಸ್ಥೆಗೂ ಸೇರದ ಕಲಾವಿದರ ವಿಚಾರದಲ್ಲಿ. ಯಕ್ಷಗಾನ ಮೇಳದ ಅನೇಕ ಭಾಗವತರಿಗೆ ಡಿಗ್ರಿಯೂ ಇಲ್ಲ, ಸಂಸ್ಥೆಯ ಲೆಟರ್‌ಹೆಡ್ಡೂ ಇಲ್ಲ. ಯಕ್ಷಗಾನದ ಪದ್ಯವೊಂದು ಯಾವ ತಾಳದಲ್ಲಿ ಏಕೆ ಓಡುತ್ತದೆ ಎಂದು ಅವರಷ್ಟು ಬಲ್ಲವರು ವಿಭಾಗದಲ್ಲಿ ಸಿಗುವುದು ಕಷ್ಟ. ಔಪಚಾರಿಕ ಪದವಿಯಿಲ್ಲದ ಪರಿಣತರನ್ನು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗಿ ಕರೆತರಲು ಯುಜಿಸಿಯೇ 2022ರಲ್ಲಿ ದಾರಿ ಮಾಡಿಕೊಟ್ಟಿದೆ, ಲಲಿತಕಲೆಯೂ ಅದರೊಳಗಿದೆ. ಪಾಠ ಹೇಳಲು ಅರ್ಹರಾದವರು ಸಂಶೋಧನಾರ್ಥಿಯ ಕೆಲಸವನ್ನು ಕೇಳಿ ಅಭಿಪ್ರಾಯ ಹೇಳಲು ಅನರ್ಹರಾಗುವುದು ಹೇಗೆ?

ಹೆಚ್ಚು ತೂಕದ ಆಕ್ಷೇಪ ಬೇರೆಯಿದೆ. ಕಲಾವಿದರ ಕೈಗೆ ಕೊಟ್ಟರೆ ವಿದ್ಯಾರ್ಥಿ ಗುರುವಿನ ನೆರಳಾಗುತ್ತಾನೆ, ಪ್ರಶ್ನಿಸುವುದನ್ನೇ ಮರೆಯುತ್ತಾನೆ ಎಂಬುದು. ಈ ಭಯಕ್ಕೆ ಆಧಾರವಿದೆ, ನಾವು ಅದನ್ನು ತಳ್ಳಿಹಾಕುವುದಿಲ್ಲ. ಗುರು ಹೇಳಿದ್ದನ್ನು ಹಾಗೆಯೇ ಒಪ್ಪಿ ಕಲಿಯುವುದು ಪಾಠದ ಕ್ರಮ. ಅದು ಸಂಶೋಧನೆಯ ಕ್ರಮವಲ್ಲ. ಆದ್ದರಿಂದಲೇ ವಿದ್ಯಾರ್ಥಿ ಯಾರ ಬಳಿ ಕಲೆ ಕಲಿತಿದ್ದಾರೋ ಅವರು ಸಹ ಮಾರ್ಗದರ್ಶಕರಾಗಬಾರದು, ಬೇರೆ ಬಾನಿಯವರಾದರೆ ಇನ್ನೂ ಒಳ್ಳೆಯದು ಎನ್ನುತ್ತಿದ್ದೇವೆ. ವಾದದ ಬಿಗಿಯನ್ನು ವಿಭಾಗದ ಮಾರ್ಗದರ್ಶಕರು ನೋಡಿಕೊಳ್ಳಲಿ. ಕಲೆಯನ್ನು ಅಳೆಯಲಾಗದು ಎಂಬ ಮಾತಿಗೆ ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯಲ್ಲಿ ಉತ್ತರವಿದೆ. ಅಲ್ಲಿ ಕಲಾತ್ಮಕ ಡಾಕ್ಟರೇಟ್‌ಗೆ ಸಾರ್ವಜನಿಕ ಸಂಗೀತ ಕಚೇರಿಗಳೂ ಬರವಣಿಗೆಯೂ ಸೇರಿ ಪರೀಕ್ಷೆಗೆ ಒಳಗಾಗುತ್ತವೆ. ಖರ್ಚಿನ ಮಾತು ಸಣ್ಣದು: ಮೌಖಿಕ ಪರೀಕ್ಷೆಗೆ ಬರುವವರಿಗೆ ಕೊಡುವ ಭತ್ಯೆಯನ್ನು ವರ್ಷಕ್ಕೆರಡು ಬಾರಿ ಕಲಾವಿದರಿಗೂ ಕೊಟ್ಟರಾಯಿತು.

ಆದುದರಿಂದ ಪರಿಷತ್ತು ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸುತ್ತೋಲೆ ಹೊರಡಿಸಬೇಕು. ಪ್ರಯೋಗಾಧಾರಿತ ಪ್ರತಿ ಸಂಶೋಧನೆಗೂ ಗೌರವಧನ ಸಹಿತ ಒಬ್ಬ ಕಲಾವಿದರನ್ನು ಸಹ ಮಾರ್ಗದರ್ಶಕರಾಗಿಯೋ, ನಿಯಮ ಒಪ್ಪದಿದ್ದರೆ ಸಲಹಾ ಸಮಿತಿಯ ಆಹ್ವಾನಿತರಾಗಿಯೋ ಸೇರಿಸಿಕೊಳ್ಳಲಿ. ಸೆಮಿಸ್ಟರಿಗೊಮ್ಮೆ ಸಮಿತಿಯ ಮುಂದೆ ನಡೆಯುವ ಪ್ರಗತಿ ಮಂಡನೆಯಲ್ಲಿ ಸ್ಲೈಡುಗಳ ಜೊತೆ ಪ್ರಾತ್ಯಕ್ಷಿಕೆಯೂ ಕಡ್ಡಾಯವಾಗಲಿ. ಅದರ ಧ್ವನಿಮುದ್ರಿಕೆ ಅಥವಾ ವಿಡಿಯೊ ಕಡತದಲ್ಲಿದ್ದು, ಕೊನೆಗೆ ಬಾಹ್ಯ ಪರೀಕ್ಷಕರ ಕೈಗೂ ಸೇರಲಿ. ವಿದ್ಯಾರ್ಥಿ ಕಟ್ಟಿದ ಕೃತಿ, ರಂಗಪಠ್ಯ, ಚಿತ್ರಗಳ ಹಕ್ಕು ವಿದ್ಯಾರ್ಥಿಯದೇ ಎಂದು ನೋಂದಣಿಯ ದಿನವೇ ಲಿಖಿತವಾಗಿ ದಾಖಲಾಗಲಿ. ಮುಂದಿನ ಪಿಎಚ್.ಡಿ. ಪ್ರವೇಶದ ಅಧಿಸೂಚನೆಗೆ ಮುನ್ನ ಈ ಆದೇಶ ಹೊರಬೀಳಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಸಂಶೋಧನಾರ್ಥಿಗಳು ಮತ್ತು ಅಧ್ಯಾಪಕರು